ತೆಳ್ಳಗಿನ ಮೈ, ಏರಿದ ಒತ್ತಡ

ಬೈರಕುಪ್ಪೆಯಲ್ಲಿ ದೋಣಿ ಹತ್ತಿದರೆ ಕಬಿನಿಯ ಆಚೆ ದಡ ಕೇರಳ. ದಡ ಹತ್ತಿದರೆ ಪೆರಿಕ್ಕಲ್ಲೂರು, ಅಲ್ಲಿಂದ ಬಸ್ಸು ಹಿಡಿದರೆ ವಯನಾಡಿನ ಪುಲ್ಪಳ್ಳಿ. ಎಚ್.ಡಿ. ಕೋಟೆ ತಾಲ್ಲೂಕಿನ ಈ ಗಡಿಯ ಊರಿನವರಿಗೆ ತಮ್ಮ ತಾಲ್ಲೂಕು ಕೇಂದ್ರ ಇರುವುದು ನಾಗರಹೊಳೆ ಕಾಡಿನ ಆಚೆಗೆ. ಕತ್ತಲಾದರೆ ಕಾಡಿನ ರಸ್ತೆಗೆ ಗೇಟು ಬೀಳುತ್ತದೆ. ಆದ್ದರಿಂದ ಸಾಮಾನಿಗೂ ಜ್ವರಕ್ಕೂ ಹೊಳೆ ದಾಟುವುದೇ ಸಲೀಸು. ಮಳೆಗಾಲದಲ್ಲಿ ಹೊಳೆ ತುಂಬಿ ಬಂದರೆ ಅದೂ ನಿಲ್ಲುತ್ತದೆ. ಸೇತುವೆ ಬೇಕೆಂದು ಎರಡೂ ದಡದವರು ಕೇಳುತ್ತಾ ಬಂದು ದಶಕಗಳೇ ಕಳೆದಿವೆ.

ಆ ದೋಣಿಯಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸಿಗೆ ಐವತ್ತೈದು ಇರಬಹುದು. ಕಡ್ಡಿಯಂಥ ಮೈ. ಸೆರಗಿನ ಗಂಟಿನಲ್ಲಿ ಬಸ್ ಚಾರ್ಜಿನ ಜೊತೆ ಅರ್ಧ ಖಾಲಿಯಾದ ಒಂದು ಮಾತ್ರೆಯ ಪಟ್ಟಿ. ಶುಂಠಿ ಕೀಳುವ ಕಾಲದಲ್ಲಿ ಇಡೀ ದಿನ ಬಗ್ಗಿದ ಸೊಂಟಕ್ಕೆ ಅದು ಬೇಕೇ ಬೇಕಂತೆ. ಪುಲ್ಪಳ್ಳಿಯ ಆಸ್ಪತ್ರೆಗೆ ಹೊರಟದ್ದೂ ಸೊಂಟ ನೋವಿಗೇ. ಅಲ್ಲಿ ನರ್ಸು ತೋಳಿಗೆ ಪಟ್ಟಿ ಸುತ್ತಿ ನೋಡಿದಾಗ 178/104. ಐದು ನಿಮಿಷ ಸುಮ್ಮನೆ ಕೂರಿಸಿ ಇನ್ನೊಮ್ಮೆ ನೋಡಿದರೂ ಹೆಚ್ಚು ಇಳಿದಿರಲಿಲ್ಲ. ನರ್ಸು ಬಗ್ಗಿ ಅವರ ಕಾಲಿನ ಗೆಣ್ಣಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಬೆರಳು ತೆಗೆದ ಮೇಲೂ ಅಲ್ಲೊಂದು ಗುಳಿ ಉಳಿಯಿತು. ಹಸಿ ಮಣ್ಣಿನಲ್ಲಿ ಹೆಜ್ಜೆ ಉಳಿದ ಹಾಗೆ.

"ಮೈಮೇಲೆ ಮಾಂಸಾನೇ ಇಲ್ಲ, ನಂಗೆಲ್ಲಿಂದ ಬರ್ಬೇಕು ಬಿಪಿ? ಅದು ಕೂತು ತಿನ್ನೋರ ಕಾಯ್ಲೆ ಕಣಪ್ಪ" ಎಂದರು ಅವರು ನನ್ನ ಕಡೆ ತಿರುಗಿ.

ಈ ಮಾತನ್ನು ನಾನು ಎಷ್ಟು ಊರುಗಳಲ್ಲಿ ಕೇಳಿಲ್ಲ! ಆದರೆ ಇದು ನಿಜವಲ್ಲ. ಕೇರಳದ ಬುಡಕಟ್ಟು ಜನರ ನಡುವೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಕರ ಪೈಕಿ ಸುಮಾರು ಶೇ. 40 ಮಂದಿಗೆ ರಕ್ತದೊತ್ತಡ ಏರಿತ್ತು. ಏರಿದೆಯೆಂದು ತಿಳಿದಿದ್ದವರು ಅವರಲ್ಲಿ ಹತ್ತಕ್ಕೆ ಒಬ್ಬರು. ಪಣಿಯರು, ಅಡಿಯರು, ಮುಳ್ಳುಕುರುಮರು, ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಕಾಟ್ಟುನಾಯಕರು ಇರುವ ಸೀಮೆ ಈ ಪುಲ್ಪಳ್ಳಿ. ಕೂತು ತಿಂದವರು ಇವರಲ್ಲಿ ಯಾರೂ ಇಲ್ಲ.

ಹಾಗಾದರೆ ಒತ್ತಡ ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕಬೇಕಾದದ್ದು ಹೃದಯದಲ್ಲಿ ಅಲ್ಲ, ಸೊಂಟದ ಮೇಲ್ಗಡೆ ಬೆನ್ನಿಗೆ ಅಂಟಿಕೊಂಡಿರುವ ಎರಡು ಕಿಡ್ನಿಗಳಲ್ಲಿ.

ಈ ಸುಳಿವನ್ನು ಮೊದಲು ಹಿಡಿದವರು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್. 1820ರ ದಶಕ. ರಕ್ತದೊತ್ತಡ ಅಳೆಯುವ ಪಟ್ಟಿ ಹುಟ್ಟಲು ಇನ್ನೂ ಎಪ್ಪತ್ತು ವರ್ಷ ಬಾಕಿ. ಮೈಯೆಲ್ಲ ನೀರು ತುಂಬಿ ಊದಿಕೊಂಡು ಬರುತ್ತಿದ್ದ ರೋಗಿಗಳ ಮೂತ್ರವನ್ನು ಅವರು ಒಂದು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸುತ್ತಿದ್ದರು. ಕೆಲವರ ಮೂತ್ರ ಕುದಿ ಬಂದ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತಿತ್ತು, ಮೊಟ್ಟೆಯ ಬಿಳಿ ಬಾಣಲೆಗೆ ಬಿದ್ದ ಹಾಗೆ. ರಕ್ತದಲ್ಲಿ ಇರಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಸೋರಿ ಹೊರಗೆ ಬಂದಿತ್ತು. ಅಂಥವರು ತೀರಿಕೊಂಡಾಗ ದೇಹ ತೆರೆದು ನೋಡಿದರೆ ಕಿಡ್ನಿಗಳು ಸುಕ್ಕಿ ಗಂಟುಗಂಟಾಗಿರುತ್ತಿದ್ದವು. ಬ್ರೈಟ್ ಅಲ್ಲಿಗೆ ನಿಲ್ಲಿಸಲಿಲ್ಲ. ಇವರಲ್ಲಿ ಅನೇಕರ ಹೃದಯದ ಎಡಗೋಡೆ ವಿಪರೀತ ದಪ್ಪಗಾಗಿತ್ತು, ಕವಾಟಗಳಲ್ಲಿ ಮಾತ್ರ ಯಾವ ದೋಷವೂ ಇರಲಿಲ್ಲ. ಕೆಟ್ಟ ಕಿಡ್ನಿಯಿಂದ ರಕ್ತ ಕೆಡುತ್ತದೆ, ಕೆಟ್ಟ ರಕ್ತವನ್ನು ಸಣ್ಣ ನಾಳಗಳಲ್ಲಿ ನೂಕಲು ಹೃದಯ ಹೆಚ್ಚು ದುಡಿಯುತ್ತಿರಬೇಕು ಎಂದು 1836ರಲ್ಲಿ ಅವರು ಊಹಿಸಿದರು. ಒತ್ತಡ ಎಂಬ ಪದವನ್ನು ಬಳಸದೆ ಒತ್ತಡದ ಬಾಗಿಲವರೆಗೆ ಬಂದಿದ್ದರು.

ಬಾಗಿಲು ತೆಗೆದವರು ಅದೇ ಆಸ್ಪತ್ರೆಯ ಇನ್ನೊಬ್ಬ ವೈದ್ಯರು, ಫ್ರೆಡರಿಕ್ ಅಕ್ಬರ್ ಮಹಮ್ಮದ್. ಇವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ. ಇವರ ತಾತ ಪಾಟ್ನಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಸೇಕ್ ದೀನ್ ಮಹಮ್ಮದ್, ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ ಮೊದಲ ಭಾರತೀಯ. ಮೊಮ್ಮಗ 1870ರ ದಶಕದಲ್ಲಿ ಮಣಿಕಟ್ಟಿನ ನಾಡಿಯ ಏರಿಳಿತವನ್ನು ಕಾಗದದ ಮೇಲೆ ಗೀಚುವ ಯಂತ್ರವನ್ನು ಸುಧಾರಿಸಿಕೊಂಡು ನೂರಾರು ಜನರ ನಾಡಿ ಹಿಡಿದರು. ಮೂತ್ರದಲ್ಲಿ ಆಲ್ಬುಮಿನ್ ಇಲ್ಲದವರಲ್ಲೂ, ಆರೋಗ್ಯವಾಗಿಯೇ ಕಾಣುವವರಲ್ಲೂ ನಾಡಿ ಬಿಗಿಯಾಗಿರುವುದನ್ನು ಕಂಡರು. ಅಂದರೆ ಕಿಡ್ನಿ ಕೆಡುವ ಮೊದಲೇ ಒತ್ತಡ ಏರಿರಬಹುದು, ಏರಿದ ಒತ್ತಡವೇ ಕಿಡ್ನಿಯನ್ನು ಕೆಡಿಸಬಹುದು. 1884ರಲ್ಲಿ, ಮೂವತ್ತೈದರ ಹರೆಯದಲ್ಲಿ, ಟೈಫಾಯಿಡ್ ಅವರನ್ನು ಕೊಂದಿತು.

ಬ್ರೈಟ್ ಕಂಡದ್ದು ಕಿಡ್ನಿಯಿಂದ ಒತ್ತಡ, ಮಹಮ್ಮದ್ ಕಂಡದ್ದು ಒತ್ತಡದಿಂದ ಕಿಡ್ನಿ. ಇಬ್ಬರೂ ಕಂಡದ್ದು ನಿಜ, ಏಕೆಂದರೆ ಇದು ಗಾಣದ ಎತ್ತಿನ ಹಾದಿ. ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ಮುಟ್ಟುತ್ತದೆ.

ಅದು ಹೇಗೆಂದು ತಿಳಿಯಲು ಶುಂಠಿ ಹೊಲಕ್ಕೇ ಹೋಗೋಣ. ವಯನಾಡಿನ ರೈತರು ಕೋಟೆ, ಹುಣಸೂರು, ಕೊಡಗಿನ ಕಡೆ ಗುತ್ತಿಗೆಗೆ ಭೂಮಿ ಹಿಡಿದು ಶುಂಠಿ ಹಾಕುವುದು ನಮಗೆಲ್ಲ ಗೊತ್ತು. ಅಲ್ಲಿ ನೀರಿಗೆ ಮೋಟರು, ಪೈಪು, ಫಿಲ್ಟರು, ಕೊನೆಗೆ ಜೆಟ್ಟು. ಮೋಟರು ಹೃದಯ. ನಿಮಿಷಕ್ಕೆ ಸುಮಾರು 5 ಲೀಟರು ರಕ್ತ ನೂಕುತ್ತದೆ. ಪೈಪು ರಕ್ತನಾಳ. ಫಿಲ್ಟರು ಕಿಡ್ನಿ. ಎರಡು ಕಿಡ್ನಿಗಳೂ ಸೇರಿ ತೂಗುವುದು 300 ಗ್ರಾಮಿನಷ್ಟು, ಆದರೆ ಹೃದಯ ನೂಕಿದ ರಕ್ತದ ಐದನೇ ಒಂದು ಪಾಲು ಇವಕ್ಕೇ ಬೇಕು. ಒಂದೊಂದರಲ್ಲೂ ಸರಾಸರಿ 10 ಲಕ್ಷ ಸಣ್ಣ ಸೋಸುಕಗಳು, ನೆಫ್ರಾನ್‌ಗಳು. ಪ್ರತಿಯೊಂದರ ತಲೆಯಲ್ಲೂ ಕೂದಲಿಗಿಂತ ಸಪೂರವಾದ ರಕ್ತನಾಳಗಳ ಒಂದು ಸಿಂಬೆ. ದಿನಕ್ಕೆ 180 ಲೀಟರು ಇಲ್ಲಿ ಸೋಸಿ ಇಳಿಯುತ್ತದೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಬಿಟ್ಟು ಉಳಿದುದನ್ನೆಲ್ಲ ಕಿಡ್ನಿ ಮತ್ತೆ ರಕ್ತಕ್ಕೇ ಹೀರಿ ಕೊಡುತ್ತದೆ. ಸೋಸಲು ಒತ್ತಡ ಬೇಕು, ಅದಕ್ಕೇ ಈ ಸಿಂಬೆಯೊಳಗಿನ ಒತ್ತಡ ದೇಹದ ಬೇರೆ ಲೋಮನಾಳಗಳಿಗಿಂತ ಜಾಸ್ತಿ. ಒಳಬರುವ ನಾಳ ಅಗಲ, ಹೊರಹೋಗುವ ನಾಳ ಇಕ್ಕಟ್ಟು.

ಹೊಲದ ಫಿಲ್ಟರಿಗೂ ಕಿಡ್ನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹೊಲದ ಫಿಲ್ಟರು ಕಟ್ಟಿಕೊಂಡರೆ ಜೆಟ್ಟು ಸೊರಗುತ್ತದೆ, ನಾವು ಹೋಗಿ ಬಿಚ್ಚಿ ತೊಳೆಯುತ್ತೇವೆ. ಕಿಡ್ನಿಯ ಕೈಯಲ್ಲಿ ಮೋಟರಿನ ಸ್ವಿಚ್ಚೂ ಇದೆ. ತನಗೆ ಬರುವ ರಕ್ತ ಕಡಿಮೆಯಾಯಿತು ಎನಿಸಿದ ತಕ್ಷಣ ಅದು ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಹುಟ್ಟುವ ಆಂಜಿಯೋಟೆನ್ಸಿನ್ ಇಡೀ ಮೈಯ ಸಣ್ಣ ನಾಳಗಳನ್ನು ಬಿಗಿ ಮಾಡುತ್ತದೆ, ಉಪ್ಪನ್ನೂ ನೀರನ್ನೂ ಹಿಡಿದಿಡಿಸುತ್ತದೆ, ಬಾಯಾರಿಕೆ ಹೆಚ್ಚಿಸುತ್ತದೆ. ಒತ್ತಡ ಏರುತ್ತದೆ. ಗಾಯವಾಗಿ ರಕ್ತ ಹರಿದಾಗ, ವಾಂತಿಭೇದಿಯಾಗಿ ನೀರು ಸೋರಿದಾಗ ನಮ್ಮ ಜೀವ ಉಳಿಸುವುದು ಇದೇ ಏರ್ಪಾಡು. ಆದರೆ ರಕ್ತ ಕಡಿಮೆಯಾಗಿರದೆ, ಕಿಡ್ನಿಯ ಸ್ವಂತ ನಾಳಗಳೇ ಸವೆದು ಕಿರಿದಾಗಿದ್ದರೆ? ಆಗಲೂ ಕಿಡ್ನಿಗೆ ಗೊತ್ತಾಗುವುದು ಒಂದೇ, ತನಗೆ ಬರುವುದು ಸಾಲದು ಎಂದು. ಒತ್ತಡ ಏರಿಸು ಎಂದು ಅದು ಕೂಗುತ್ತಲೇ ಇರುತ್ತದೆ. ಏರಿದ ಒತ್ತಡ ಉಳಿದ ನಾಳಗಳನ್ನು ಇನ್ನಷ್ಟು ಗಡುಸಾಗಿಸುತ್ತದೆ. ಕೂಗು ಜೋರಾಗುತ್ತದೆ.

ರೆನಿನ್ ಅನ್ನು 1898ರಲ್ಲೇ ಸ್ಟಾಕ್‌ಹೋಮಿನಲ್ಲಿ ಟೈಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಮೊಲದ ಕಿಡ್ನಿಯಿಂದ ತೆಗೆದು ತೋರಿಸಿದ್ದರು. ಯಾರೂ ಲಕ್ಷ್ಯ ಕೊಡಲಿಲ್ಲ. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಗೆ ಹೋಗುವ ನಾಳಕ್ಕೆ ಬೆಳ್ಳಿಯ ಕ್ಲಿಪ್ಪು ಹಾಕಿ ತುಸು ಬಿಗಿದರು. ನಾಯಿಗಳ ರಕ್ತದೊತ್ತಡ ಏರಿ ಅಲ್ಲೇ ನಿಂತಿತು. ಆಮೇಲೆ ಸಂಶಯಕ್ಕೆ ಎಡೆ ಉಳಿಯಲಿಲ್ಲ.

ಇನ್ನು ಹೃದಯ. ಏರಿದ ಒತ್ತಡದ ಎದುರು ದಿನಕ್ಕೆ ಒಂದು ಲಕ್ಷ ಸಲ ನೂಕುವ ಸ್ನಾಯು ದಪ್ಪಗಾಗುತ್ತದೆ. ಗರಡಿಯ ತೋಳಿನಂತೆ ಇದು ಗಟ್ಟಿಯಾಯಿತೆಂದು ಸಂತೋಷಪಡುವ ಹಾಗಿಲ್ಲ. ದಪ್ಪಗಾದ ಗೋಡೆ ಸರಿಯಾಗಿ ಸಡಿಲಗೊಳ್ಳದು, ಅದರೊಳಕ್ಕೆ ರಕ್ತ ಸಲೀಸಾಗಿ ತುಂಬದು, ಗೋಡೆಗೇ ಬೇಕಾದ ರಕ್ತವೂ ಸಾಲದು. ಕಿಡ್ನಿ ಸೊರಗಿದ್ದರೆ ಇನ್ನೂ ಕಷ್ಟ. ಮೂಳೆಯ ಮಜ್ಜೆಗೆ ರಕ್ತಕಣ ಮಾಡು ಎಂದು ಹೇಳುವ ಎರಿತ್ರೊಪೊಯೆಟಿನ್ ಕಿಡ್ನಿಯಲ್ಲೇ ತಯಾರಾಗುವುದರಿಂದ ರಕ್ತ ತೆಳುವಾಗುತ್ತದೆ. ತೆಳು ರಕ್ತದಲ್ಲಿ ಅಷ್ಟೇ ಆಮ್ಲಜನಕ ಸಾಗಿಸಲು ಹೃದಯ ಇನ್ನಷ್ಟು ಓಡಬೇಕು. ಹೊರಹೋಗದ ರಂಜಕ ರಕ್ತನಾಳದ ಗೋಡೆಗಳಲ್ಲಿ ಸುಣ್ಣ ಕಟ್ಟಿಸುತ್ತದೆ. ದೀರ್ಘಕಾಲದ ಕಿಡ್ನಿ ಕಾಯಿಲೆಯವರಲ್ಲಿ ಹೆಚ್ಚಿನವರು ಡಯಾಲಿಸಿಸ್ ಹಂತ ಮುಟ್ಟುವುದೇ ಇಲ್ಲ, ಅದಕ್ಕೂ ಮೊದಲೇ ತೀರಿಹೋಗುತ್ತಾರೆ. ಅದರಲ್ಲಿ ದೊಡ್ಡ ಪಾಲು ಹೃದಯದ ಕಾರಣಕ್ಕೆ. ಮನೆಯವರು "ಹಾರ್ಟ್ ಅಟ್ಯಾಕ್" ಎನ್ನುತ್ತಾರೆ. ಕಿಡ್ನಿಯ ಹೆಸರು ಎಲ್ಲೂ ಬರುವುದಿಲ್ಲ.

ಹೃದಯ ಸೋತಾಗ ಕಿಡ್ನಿಗೆ ಏನಾಗುತ್ತದೆ ಎಂಬುದನ್ನು ಪುಲ್ಪಳ್ಳಿಯವರಿಗೆ ವಿವರಿಸುವುದು ಸುಲಭ. ಕೆಳಗೆ ಬೀಚನಹಳ್ಳಿಯಲ್ಲಿ ಕಬಿನಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಎಲ್ಲಿಯವರೆಗೆ ಬಂತೆಂದು ಅವರು ಬಲ್ಲರು. ಮುಂದೆ ಸಾಗದ ನೀರು ಹಿಂದಕ್ಕೆ ಏರುತ್ತದೆ. ಹೃದಯ ಮುಂದಕ್ಕೆ ನೂಕಲಾಗದ ರಕ್ತವೂ ಹಾಗೆಯೇ, ಅಭಿಧಮನಿಗಳಲ್ಲಿ ಹಿನ್ನೀರಾಗಿ ನಿಂತು ಕಿಡ್ನಿಯನ್ನು ಹೊರದಾರಿಯಿಂದ ಒತ್ತುತ್ತದೆ. ಒಳಕ್ಕೆ ಬರುವ ಹರಿವೂ ಕಡಿಮೆ, ಹೊರಕ್ಕೆ ಹೋಗುವ ದಾರಿಯೂ ಮುಚ್ಚಿದಂತೆ. ಆ ಹೆಂಗಸಿನ ಗೆಣ್ಣಿನ ಮೇಲೆ ಉಳಿದ ಗುಳಿ ಹೃದಯದ ಈ ಹಿನ್ನೀರೂ ಆಗಿರಬಹುದು, ಕಿಡ್ನಿ ಹೊರಹಾಕದ ಉಪ್ಪುನೀರೂ ಆಗಿರಬಹುದು. ಎಷ್ಟೋ ಸಲ ಎರಡೂ ಸೇರಿಯೇ ಇರುತ್ತವೆ.

ಈಗ ತೆಳ್ಳಗಿನ ಮೈಯ ಪ್ರಶ್ನೆಗೆ ಬರುತ್ತೇನೆ. ನನ್ನನ್ನು ಬಹಳ ದಿನ ಕಾಡಿದ ಸಂಗತಿ ಇದು.

ನೆಫ್ರಾನುಗಳು ಮೊಳೆಯುವುದು ತಾಯಿಯ ಹೊಟ್ಟೆಯಲ್ಲಿ. ಗರ್ಭಕ್ಕೆ ಸುಮಾರು 36 ವಾರ ತುಂಬುವ ಹೊತ್ತಿಗೆ ಆ ಕೆಲಸ ಮುಗಿದುಹೋಗುತ್ತದೆ. ಆಮೇಲೆ ಜೀವಮಾನದಲ್ಲಿ ಒಂದೇ ಒಂದು ಹೊಸ ನೆಫ್ರಾನು ಹುಟ್ಟುವುದಿಲ್ಲ. ತಾಯಿಗೆ ಹೊಟ್ಟೆಗೆ ಸಾಲದಿದ್ದರೆ, ಮಗು ಕಡಿಮೆ ತೂಕದಲ್ಲಿ ಹುಟ್ಟಿದರೆ, ಅದರ ಪಾಲಿಗೆ ಬಂದ ನೆಫ್ರಾನುಗಳೇ ಕಡಿಮೆ. ಅಷ್ಟರಲ್ಲೇ ಇಡೀ ಮೈಯ ಉಪ್ಪು ನೀರಿನ ಲೆಕ್ಕ ತೂಗಿಸಬೇಕು. ಒಂದೊಂದರ ಮೇಲೂ ಹೊರೆ ಹೆಚ್ಚು, ಒಂದೊಂದರೊಳಗೂ ಒತ್ತಡ ಹೆಚ್ಚು. ಇದನ್ನು 1988ರಲ್ಲಿ ಬ್ಯಾರಿ ಬ್ರೆನ್ನರ್ ಮತ್ತು ಸಂಗಡಿಗರು ಒಂದು ಊಹೆಯಾಗಿ ಮುಂದಿಟ್ಟರು. 2003ರಲ್ಲಿ ಜರ್ಮನಿಯ ವಿಜ್ಞಾನಿಗಳು ಅಪಘಾತದಲ್ಲಿ ತೀರಿಕೊಂಡ ಇಪ್ಪತ್ತು ಜನರ ಕಿಡ್ನಿಗಳಲ್ಲಿ ಈ ಸೋಸುಕಗಳನ್ನು ಎಣಿಸಿದರು. ರಕ್ತದೊತ್ತಡವಿದ್ದ ಹತ್ತು ಜನರ ಕಿಡ್ನಿಯೊಂದರಲ್ಲಿ ಸುಮಾರು 7 ಲಕ್ಷ, ಇಲ್ಲದ ಹತ್ತು ಜನರಲ್ಲಿ ಸುಮಾರು 14 ಲಕ್ಷ. ಸಣ್ಣ ಅಧ್ಯಯನವೇ ಸರಿ. ಆದರೂ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಣ್ಣೆದುರು ಬಂದದ್ದು ಇಂಥ ಊರುಗಳ ಹಾಡಿಗಳು. ತುಂಬು ಗರ್ಭದಲ್ಲೂ ನಾಟಿಗೆ ಇಳಿದ ತಾಯಂದಿರು, ಎರಡು ಕೆ.ಜಿ. ಚಿಲ್ಲರೆ ತೂಗಿದ ಕೂಸುಗಳು. ಆ ಕೂಸುಗಳಿಗೇ ಈಗ ಐವತ್ತೈದು. ಐವತ್ತು ವರ್ಷದ ಹಿಂದಿನ ಹಸಿವು ಇವತ್ತು ತೋಳಿನ ಪಟ್ಟಿಯ ಮೇಲೆ 178 ಆಗಿ ತೋರುತ್ತಿರಬಹುದು. ಕಡ್ಡಿಯಂಥ ಮೈ ಒತ್ತಡಕ್ಕೆ ತಡೆಯೇನಲ್ಲ. ಕೆಲವೊಮ್ಮೆ ಅದು ಹಳೆಯ ಬಡತನದ ಗುರುತು.

ಅದರ ಮೇಲೆ ಈಗಿನ ಹೊರೆಗಳು ಸೇರುತ್ತವೆ. ಮೊದಲನೆಯದು ಆ ಸೆರಗಿನ ಗಂಟಿನಲ್ಲಿದ್ದದ್ದೇ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ನೋವಿನ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ತಯಾರಾಗದಂತೆ ತಡೆದು ನೋವು ಇಳಿಸುತ್ತವೆ. ಬಿಸಿಲಲ್ಲಿ ಬೆವರಿ ಮೈ ಒಣಗಿದಾಗ ಕಿಡ್ನಿಯ ಒಳನಾಳವನ್ನು ತೆರೆದು ಹಿಡಿಯುವುದೂ ಅದೇ ವಸ್ತು. ಮಾತ್ರೆ ನುಂಗಿ ಶುಂಠಿ ಹೊಲದಲ್ಲಿ ಬಗ್ಗಿದವರ ಕಿಡ್ನಿಗೆ ಆ ಹೊತ್ತಿನಲ್ಲಿ ರಕ್ತವೇ ಸಾಲದು. ಉಪ್ಪೂ ದೇಹದಲ್ಲಿ ನಿಲ್ಲುತ್ತದೆ, ಒತ್ತಡವೂ ಏರುತ್ತದೆ. ಎಂದೋ ಒಂದು ದಿನ ನುಂಗಿದರೆ ಕಿಡ್ನಿ ಸಾವರಿಸಿಕೊಳ್ಳುತ್ತದೆ. ಸೀಜನ್ನು ಪೂರ್ತಿ ನುಂಗುವವರ ಕಥೆ ಬೇರೆ.

ಎರಡನೆಯದು ಉಪ್ಪು. ದಿನಕ್ಕೆ 5 ಗ್ರಾಮಿನೊಳಗೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ತಿನ್ನುವುದು ಹೆಚ್ಚುಕಡಿಮೆ ಅದರ ಎರಡು ಪಟ್ಟು. ವಯಸ್ಸಾದ ಮೇಲೆ ಬಿಪಿ ಬರುವುದು ಸಹಜ ಎಂದು ಎಲ್ಲರೂ ಹೇಳುತ್ತಾರೆ. ಆದರೆ 32 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದ 1988ರ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ, ಅಡುಗೆಗೆ ಉಪ್ಪನ್ನೇ ಬಳಸದ ಅಮೆಜಾನ್ ಕಾಡಿನ ಯಾನೊಮಾಮಿ ಜನರ ಒತ್ತಡ 100ರ ಒಳಗೇ ಇತ್ತು, ವಯಸ್ಸಾದಂತೆ ಏರಿರಲಿಲ್ಲ.

ಪುಲ್ಪಳ್ಳಿಯ ಪಕ್ಕದ ಚೇಕಾಡಿಯಲ್ಲಿ ಗಂಧಕಸಾಲೆ ಎಂಬ ಸುವಾಸನೆಯ ಭತ್ತ ಬೆಳೆಯುತ್ತಾರೆ. ಅಕ್ಕಿಯಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಗಂಜಿ ಪಾಪದ್ದು. ಉಪ್ಪು ಬರುವುದು ಅದರ ಜೊತೆಯ ಒಣಮೀನು, ಉಪ್ಪಿನಕಾಯಿ, ಹಪ್ಪಳದಿಂದ. ಈ ಅನ್ನದ ಬಲದ ಮೇಲೆಯೇ ಒಬ್ಬ ವೈದ್ಯರು ರಕ್ತದೊತ್ತಡಕ್ಕೆ ಚಿಕಿತ್ಸೆ ಕೊಟ್ಟಿದ್ದಾರೆ. ಜರ್ಮನಿಯಿಂದ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಬಂದಿದ್ದ ವಾಲ್ಟರ್ ಕೆಂಪ್ನರ್, ಒಳ್ಳೆಯ ಔಷಧಿಗಳೇ ಇಲ್ಲದ 1940ರ ದಶಕದಲ್ಲಿ, ರೋಗಿಗಳಿಗೆ ಉಪ್ಪಿಲ್ಲದ ಅನ್ನ, ಹಣ್ಣು, ಸಕ್ಕರೆ ಮಾತ್ರ ಕೊಡುತ್ತಿದ್ದರು. ಎರಡು ವಾರ ಮಾಡಿ ಎಂದು ಅವರು ಹೇಳಿದ್ದನ್ನು, ಜರ್ಮನ್ ಉಚ್ಚಾರಣೆಯಿಂದಾಗಿ, ಒಬ್ಬ ಹೆಂಗಸು ಎರಡು ತಿಂಗಳು ಎಂದು ಕೇಳಿಸಿಕೊಂಡರಂತೆ. ಎರಡು ತಿಂಗಳ ನಂತರ ಬಂದಾಗ ಅವರ ಒತ್ತಡ ಇಳಿದಿತ್ತು, ಎಕ್ಸ್‌ರೇಯಲ್ಲಿ ಊದಿದ್ದ ಹೃದಯ ಸಣ್ಣದಾಗಿತ್ತು, ಕಣ್ಣಿನ ಹಿಂಪರದೆಯ ರಕ್ತಸ್ರಾವ ಮಾಯವಾಗಿತ್ತು. ಅಷ್ಟು ಕಠಿಣ ಪಥ್ಯವನ್ನು ಇಂದು ಯಾರೂ ಮಾಡಬೇಕಿಲ್ಲ, ವೈದ್ಯರ ಕಣ್ಗಾವಲಿಲ್ಲದೆ ಮಾಡಲೂಬಾರದು. ಆದರೆ ದಪ್ಪಗಾದ ಹೃದಯ ಮತ್ತೆ ಇಳಿಯಬಲ್ಲದು ಎಂಬುದನ್ನು ಆ ಎಕ್ಸ್‌ರೇ ತೋರಿಸಿಕೊಟ್ಟಿತು. ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಸೋತವರಿಗೆ ಅದು ಅಪಾಯ, ನೇಂದ್ರಬಾಳೆಯೂ ಎಳನೀರೂ ಅವರಿಗೆ ಲೆಕ್ಕದಲ್ಲೇ ಇರಬೇಕು.

ಕಿಡ್ನಿಯ ಆ ಕೂಗನ್ನು ಅಡಗಿಸುವ ಔಷಧಿ ಬಂದದ್ದು ಹಾವಿನಿಂದ. ಮೆಣಸಿನ ತೋಟದ ತರಗೆಲೆಯಲ್ಲಿ ಕೊಳಕುಮಂಡಲ ಇರುವ ಸೀಮೆಯವರಿಗೆ ಅದು ಕಚ್ಚಿದರೆ ಕಿಡ್ನಿ ಹೋಗುತ್ತದೆಂದು ಗೊತ್ತು. ಬ್ರೆಜಿಲಿನ ಜರಾರಾಕಾ ಎಂಬ ಮಂಡಲದ ಹಾವಿನ ವಿಷವನ್ನು 1960ರ ದಶಕದಲ್ಲಿ ಸೆರ್ಜಿಯೊ ಫೆರೇರಾ ಬಿಡಿಸಿ ನೋಡಿದಾಗ, ಆಂಜಿಯೋಟೆನ್ಸಿನ್ ತಯಾರಾಗುವುದನ್ನೇ ತಡೆಯುವ ತುಣುಕುಗಳು ಅದರಲ್ಲಿದ್ದವು. ಆ ಜಾಡಿನಲ್ಲಿ ರೂಪುಗೊಂಡ ಕ್ಯಾಪ್ಟೊಪ್ರಿಲ್ 1981ರಲ್ಲಿ ಮಾರುಕಟ್ಟೆಗೆ ಬಂತು. ಎನಲಾಪ್ರಿಲ್, ರಾಮಿಪ್ರಿಲ್ ಅದರ ತಮ್ಮಂದಿರು. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಸಿಗುವ ಟೆಲ್ಮಿಸಾರ್ಟನ್ ಅದೇ ಸರಪಳಿಯ ಮುಂದಿನ ಕೊಂಡಿಯನ್ನು ಕಡಿಯುತ್ತದೆ. ಇವು ಕಿಡ್ನಿಯ ಆ ಇಕ್ಕಟ್ಟಾದ ಹೊರನಾಳವನ್ನು ಸಡಿಲಗೊಳಿಸುವುದರಿಂದ ಸಿಂಬೆಯೊಳಗಿನ ಒತ್ತಡ ಇಳಿಯುತ್ತದೆ, ಆಲ್ಬುಮಿನ್ ಸೋರುವುದು ಕಡಿಮೆಯಾಗುತ್ತದೆ, ಹೃದಯಕ್ಕೂ ಹೊರೆ ಇಳಿಯುತ್ತದೆ. ಒಂದೇ ಮಾತ್ರೆ ಮೂರು ಕಡೆ ಕೆಲಸ ಮಾಡುತ್ತದೆಂದರೆ ಕಾಯಿಲೆ ಮೂರಲ್ಲ. 2023ರಲ್ಲಿ ಅಮೆರಿಕದ ಹೃದಯ ಸಂಘ ಹೃದಯ, ಕಿಡ್ನಿ, ಸಕ್ಕರೆ ಮತ್ತು ಬೊಜ್ಜಿನ ತೊಂದರೆಗಳನ್ನು ಸೇರಿಸಿ ಒಂದೇ ಹೆಸರಿಟ್ಟಿತು.

ಮಾತ್ರೆಯ ಬೆಲೆ ಇಲ್ಲಿ ತೊಡಕಲ್ಲ. 2017ರಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ಮೊದಲ ಹಂತದ ಜಿಲ್ಲೆಗಳಲ್ಲಿ ವಯನಾಡೂ ಒಂದು. ಎಲ್ಲರಿಗೂ ಒಂದೇ ಸರಳ ಔಷಧಿ ಕ್ರಮ, ಮನೆಯ ಹತ್ತಿರವೇ ತಿಂಗಳ ಮಾತ್ರೆ, ಬಾರದವರನ್ನು ಹುಡುಕಿ ಕರೆಯುವುದು ಅದರ ರೀತಿ. 2022ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಆದರೆ ಕೂಲಿಗಾಗಿ ಹೊಳೆ ದಾಟುವವರ ವಿಳಾಸ ಯಾವ ರಾಜ್ಯದ ಪಟ್ಟಿಯಲ್ಲೂ ಗಟ್ಟಿಯಾಗಿ ನಿಲ್ಲದು. ಶುಂಠಿ ಸೀಜನ್ನಿಗೆ ಮೂರು ತಿಂಗಳು ಒಂದು ದಡ, ಮೆಣಸು ಕೊಯ್ಯಲು ಇನ್ನೊಂದು ದಡ. ನಡುವೆ ಮಾತ್ರೆ ತಪ್ಪುತ್ತದೆ. ತಪ್ಪಿದ್ದು ಮೈಗೆ ಗೊತ್ತಾಗುವುದೂ ಇಲ್ಲ, ಏಕೆಂದರೆ ಅರ್ಧಕ್ಕರ್ಧ ಶಕ್ತಿ ಹೋಗುವವರೆಗೂ ಕಿಡ್ನಿ ತುಟಿ ಬಿಚ್ಚುವುದಿಲ್ಲ. ರಕ್ತದ ಕ್ರಿಯಾಟಿನಿನ್ ಸಹ ಸುಮಾರು ಅಲ್ಲಿಯವರೆಗೆ ಸುಮ್ಮನಿರುತ್ತದೆ. ಮೊದಲು ಸುದ್ದಿ ಕೊಡುವುದು ಮೂತ್ರ.

ನರ್ಸು ಆ ಹೆಂಗಸಿನ ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕಳಿಸಿದರು. ಅವರು ತಂದಿಟ್ಟದ್ದರಲ್ಲಿ ಒಂದು ಸಣ್ಣ ಕಾಗದದ ಪಟ್ಟಿ ಅದ್ದಿ ತೆಗೆದು, ಅಂಚನ್ನು ಡಬ್ಬಿಯ ಬಾಯಿಗೆ ಸವರಿ, ಗಡಿಯಾರ ನೋಡುತ್ತಾ ನಿಂತರು. ಬ್ರೈಟ್ ಅವರ ಚಮಚ, ಮೇಣದಬತ್ತಿ ಎಲ್ಲವೂ ಈಗ ಈ ಪಟ್ಟಿಯ ಮೇಲಿನ ಒಂದು ಹಳದಿ ಚೌಕದಲ್ಲಿದೆ. ಅರವತ್ತು ಸೆಕೆಂಡು. ಹಳದಿ ಮೆಲ್ಲಗೆ ಹಸಿರಾಯಿತು. ನರ್ಸು ಅದನ್ನು ಬಾಟಲಿಯ ಮೇಲಿನ ಬಣ್ಣಗಳ ಪಕ್ಕ ಹಿಡಿದು ನೋಡಿ, ಪುಸ್ತಕದಲ್ಲಿ ಬರೆದುಕೊಂಡರು. ಮಲಯಾಳದಲ್ಲಿ ಏನೋ ಕೇಳಿದರು. ಹೆಂಗಸಿಗೆ ಅರ್ಥವಾಯಿತು. ಸೆರಗಿನ ಗಂಟು ಬಿಚ್ಚಿ ಆ ನೋವಿನ ಮಾತ್ರೆಯ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟರು.

"ಇದು ಬೇಡ ಅಂದ್ರೆ ಸೊಂಟಕ್ಕೇನು ಮಾಡ್ಲಿ ಸಿಸ್ಟರ್?"

ನರ್ಸು ಕುರ್ಚಿ ಎಳೆದುಕೊಂಡು ಅವರ ಎದುರು ಕೂತರು.